ಯಾರ ಪೈಕಿ ಎಂದು ಕೇಳಿದ ಕಂಪ್ಯೂಟರ್

ಕಚೇರಿಯಲ್ಲಿ ಬೆಳಗ್ಗೆ ನನ್ನ ಹೆಸರು, ಪಾಸ್‌ವರ್ಡ್ ಒತ್ತಿದರೆ ಸಾಕು, ಎಲ್ಲ ಕಂಪ್ಯೂಟರುಗಳ ಫೋಲ್ಡರುಗಳೂ ತಾವಾಗಿಯೇ ತೆರೆಯುತ್ತವೆ. ಇಷ್ಟು ಮರ್ಯಾದೆಯುಳ್ಳ ಮನುಷ್ಯನಿಗೆ ಇಬ್ರಾಹಿಂಪುರದ ಸ್ವಂತ ಮನೆಯಲ್ಲಿ ಏನು ಅಡ್ಡಿ ಬಂದೀತು ಎಂದು ನಂಬಿದ್ದೆ.

ನನ್ನ ಹೆಂಡತಿ ಸುನಂದಾ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸುಗಳನ್ನು ಹೊಲಿದು ಅವಕ್ಕೆ ಎಂಬ್ರಾಯ್ಡರಿ ಹಾಕುತ್ತಾಳೆ. ಆ ಭಾನುವಾರ ಬಬಲೇಶ್ವರದ ಮದುಮಗಳೊಬ್ಬಳು ಚಿಗವ್ವನ ಜೊತೆ ಡಿಸೈನ್ ನೋಡಲು ಬರುವವಳಿದ್ದಳು. ಒಪ್ಪಿಗೆಯಾದರೆ ಇಡೀ ಮದುವೆಮನೆಯ ಬ್ಲೌಸುಗಳು ಸುನಂದಾಳಿಗೆ. ಮನಸ್ಸಿಗೆ ಬಾರದಿದ್ದರೆ ಅವರು ತಿಕೋಟಾದ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಇಷ್ಟು ದೊಡ್ಡ ಕೆಲಸ ಅವಳಿಗೆ ಇದೇ ಮೊದಲು.

ಡಿಸೈನುಗಳಿದ್ದ ಕಂಪ್ಯೂಟರ್ ಮಷಿನ್ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿತ್ತು. ಬಂದವರು ಕೂರುವುದು ಪಡಸಾಲೆಯಲ್ಲಿ.

"ಪೆನ್‌ಡ್ರೈವ್‌ನ್ಯಾಗ ಹಾಕಿ ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ತೋರಸ್ರಿ, ಸಾಕು," ಎಂದಳು ಸುನಂದಾ.

"ಪೆನ್‌ಡ್ರೈವ್ ಹಿಡಕೊಂಡು ಅಡ್ಡಾಡೂ ಕಾಲ ಹೋತು. ಫೋಲ್ಡರ್ ಶೇರ್ ಮಾಡ್ತೇನಿ. ಇಲ್ಲೇ ಕುಂತು ಅಲ್ಲಿಂದು ನೋಡಬಹುದು," ಎಂದು ಘೋಷಿಸಿದೆ.

ಶೇರ್ ಮಾಡಿ, ಪಡಸಾಲೆಗೆ ಬಂದು, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ಒತ್ತಿದೆ. ಹೆಸರು, ಪಾಸ್‌ವರ್ಡ್ ಕೇಳಿತು. ಕಚೇರಿಯವನ್ನೇ ಕೊಟ್ಟೆ. ಪ್ರವೇಶವಿಲ್ಲ ಎಂದಿತು! ಕಚೇರಿಯಲ್ಲಿ ನನ್ನನ್ನು ಗುರುತಿಸುವುದು ಅಲ್ಲಿಯ ಸರ್ವರ್. ಮನೆಯ ಕಂಪ್ಯೂಟರಿಗೆ ಆ ಸರ್ವರಿನ ಪರಿಚಯವೇ ಇಲ್ಲ. ಈ ಸಣ್ಣ ಸಂಗತಿ ಆಗ ಹೊಳೆಯಲಿಲ್ಲ.

ಸುನಂದಾಳ ಹೆಸರು ಹಾಕಿ, ಅವಳು ದಿನಾ ಒತ್ತುವ ಪಿನ್ ಕೊಟ್ಟೆ. ಪಿನ್ ಏನಿದ್ದರೂ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರವಂತೆ. ಅವಳ ಖಾತೆಯ ಅಸಲಿ ಪಾಸ್‌ವರ್ಡ್ ಇಟ್ಟವನು ನಾನೇ, ಮರೆತವನೂ ನಾನೇ. ನಮ್ಮ ಮದುವೆಯ ದಿನಾಂಕ ಹಾಕಿದೆ. ತಪ್ಪು ಎಂದಿತು. ತಪ್ಪಿದ್ದು ಪಾಸ್‌ವರ್ಡೋ ದಿನಾಂಕವೋ ಎಂದು ಅವಳನ್ನು ಕೇಳುವ ಧೈರ್ಯ ಬರಲಿಲ್ಲ. ನೆನಪಿಗೆ ಬಂದದ್ದನ್ನೆಲ್ಲ ಒತ್ತುತ್ತಲೇ ಹೋದೆ.

ಅಷ್ಟರಲ್ಲಿ ಮದುಮಗಳು, ಚಿಗವ್ವ ಬಂದರು. ಕೋಣೆಯಿಂದ ಸುನಂದಾಳ ದನಿ ಬಂತು. "ರೀ, ನನ್ನ ಕಂಪ್ಯೂಟರ್ ನನ್ನ ಒಳಗ ಬಿಡವಲ್ದು. ಏನ್ ಮಾಡೀರಿ?"

ನಾನು ತಪ್ಪು ಒತ್ತಿ ಒತ್ತಿ ಅವಳ ಖಾತೆಗೇ ಬೀಗ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತು ಅವಳಿಗೂ ಪ್ರವೇಶವಿಲ್ಲ. ಹೊರಗೆ ಬಂದ ಅವಳ ಮುಖ ನೋಡಲಾಗದೆ ನಾನು ಲ್ಯಾಪ್‌ಟಾಪನ್ನೇ ನೋಡುತ್ತ ಕೂತೆ.

"ನಿಮ್ಮ ಹೆಸರೇನ್ರಿ?" ಎಂದು ಚಿಗವ್ವ ಕೇಳಿದಳು.

"ಮಹಾಂತೇಶ ರಿ."

"ಯಾರ ಪೈಕಿ? ನಮ್ಮೂರಾಗ ಮಾಂತೇಶಾ ಅಂತ ಕರದ್ರ ಅರ್ಧ ಓಣಿ ಓ ಅಂತೈತಿ. ಯಾವ ಮನಿಯಾಂವ ಅಂತ ಮೊದಲ ಹೇಳಬೇಕ್ರಿ."

ನನಗೆ ಥಟ್ಟನೆ ಹೊಳೆಯಿತು. ಮನೆಯ ಕಂಪ್ಯೂಟರಿನಲ್ಲಿ ನನ್ನ ಹೆಸರಿನಲ್ಲೂ ಒಂದು ಹಳೆಯ ಖಾತೆ ಇತ್ತು. ಆದರೆ ನನ್ನ ಹೆಸರು ಹಾಕಿದಾಗ ಲ್ಯಾಪ್‌ಟಾಪ್ ನಾನು ಕಚೇರಿಯ ಪೈಕಿ ಎಂದೇ ಪರಿಚಯ ಹೇಳಿತ್ತು. ಈ ಸಲ ಮೊದಲು ಮನೆಯ ಕಂಪ್ಯೂಟರಿನ ಹೆಸರು, ಒಂದು ಓರೆಗೆರೆ, ಆಮೇಲೆ ನನ್ನ ಹೆಸರು, ಆ ಖಾತೆಯ ಪಾಸ್‌ವರ್ಡ್ ಹಾಕಿದೆ. ಫೋಲ್ಡರ್ ತೆರೆಯಿತು!

"ಬಂತ್ರಿ, ಡಿಸೈನ್ ಬಂತು," ಎಂದು ಲ್ಯಾಪ್‌ಟಾಪ್ ಎತ್ತಿ ಹಿಡಿದೆ. ಯಾರೂ ತಿರುಗಿ ನೋಡಲಿಲ್ಲ.

ಸುನಂದಾ ಅಷ್ಟರೊಳಗೆ ಕಪಾಟಿನಿಂದ ತಾನು ಹೊಲಿದ ಬ್ಲೌಸುಗಳನ್ನೇ ತಂದು ಹರಡಿದ್ದಳು. ಮದುಮಗಳು ನವಿಲಿನ ಕಸೂತಿಯ ಮೇಲೆ ಬೆರಳಾಡಿಸುತ್ತ, "ಇಂಥಾದ್ದ ಬೇಕ್ರಿ ಅಕ್ಕಾ," ಎನ್ನುತ್ತಿದ್ದಳು. ಚಿಗವ್ವ ಚೀಲದಿಂದ ಅಳತೆಯ ಬ್ಲೌಸುಗಳ ಗಂಟನ್ನೇ ತೆಗೆದು ಸುನಂದಾಳ ಕೈಗಿಟ್ಟಳು. ಅಳತೆ ಕೈಗೆ ಬಂತೆಂದರೆ ಕೆಲಸ ಬಂದಂತೆಯೇ. ಸುನಂದಾಳ ಕಣ್ಣು ತುಂಬಿ ಬಂತು. ನನಗೂ ಬಹಳ ಖುಷಿಯಾಯಿತು, ಅದರಲ್ಲಿ ನನ್ನ ಪಾಲು ಏನೂ ಇರದಿದ್ದರೂ.

ಅವರು ಹೋದ ಮೇಲೆ ಅವಳ ಖಾತೆಯ ಬೀಗವೂ ತಾನಾಗಿಯೇ ತೆರೆಯಿತು.

"ಫೋಲ್ಡರ್ ಹಂಗ ಇರ್ಲಿ. ಇನ್ನ ಮ್ಯಾಲ ಮಂದಿ ಭಾಳ ಬರ್ತಾರ, ಚಲೋ ಆಗ್ತೈತಿ," ಎಂದಳು. "ಆದ್ರ ನಿಮಗ ನೋಡೂದಷ್ಟ ಪರವಾನಗಿ ಇಡ್ರಿ. ತಿದ್ದೂದು, ಅಳಸೂದು ಬ್ಯಾಡ."

ಆ ಸೆಟ್ಟಿಂಗನ್ನೂ ನನ್ನ ಕೈಯಿಂದಲೇ ಮಾಡಿಸಿದಳು. ಆ ದಿನ ಒಂದೇ ಸಲಕ್ಕೆ ಸರಿಯಾಗಿ ಆದ ನನ್ನ ಕೆಲಸ ಅದೊಂದೇ.