ಶಬ್ದ ಬರಬಾರದು

ಹಂದಿಮಾಂಸ ಸುಡುವ ಅಂಗಡಿಯವಳು ಒಬ್ಬರಿಗಾಗಿ ಮೇಜಿನ ಒಲೆ ಹಚ್ಚುವುದಿಲ್ಲ ಎಂದಳಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ.

ಅವತ್ತು ಮಾಲ್ಸುನಳ ಹುಟ್ಟಿದ ದಿನ. ಗುನ್ಸಾನ್ ಪೇಟೆಯ ಮೂಲೆಯಲ್ಲಿ ಪ್ಯಾಂಟುಗಳ ಅಂಚು ಮಡಿಸಿ ಹೊಲಿದುಕೊಡುವ ಅಂಗಡಿ ಅವಳದು. ಗಂಡ ತೀರಿಕೊಂಡ ಮೇಲೆ ಊಟದ ಹೊತ್ತಿಗೆ ಅವಳ ಎದುರು ಇರುತ್ತಿದ್ದವಳು ಟಿವಿ ಧಾರಾವಾಹಿಯ ನಾಯಕಿ ಒಬ್ಬಳೇ. ಬಿಟ್ಟುಹೋದ ಪ್ರಿಯಕರನನ್ನು ವರ್ಷಗಳ ಮೇಲೆ ಮತ್ತೆ ಕಂಡು, ವಾರಕ್ಕೆರಡು ಸಂಜೆ ಅಳುವ ಹುಡುಗಿ. ಹುಟ್ಟಿದ ದಿನವಾದರೂ ಬಿಸಿ ಮಾಂಸ ತಿನ್ನೋಣವೆಂದು ಹೋದರೆ, "ಎರಡು ಪಾಲಿಗಿಂತ ಕಡಿಮೆ ಕೊಡಲ್ಲಮ್ಮ. ಯಾರನ್ನಾದ್ರೂ ಕರ್ಕೊಂಡ್ ಬನ್ನಿ" ಎಂದುಬಿಟ್ಟಳು ಅಂಗಡಿಯವಳು. ಎರಡು ಪಾಲು ಹೇಳಿ ಒಬ್ಬಳೇ ತಿನ್ನುವ ಧೈರ್ಯ ಮಾಲ್ಸುನಳಿಗೆ ಬರಲಿಲ್ಲ.

ಅಲ್ಲಿಂದ ನೇರ ಗೆಳತಿ ಯೊಂಗ್ರಾನಳ ಕೇಶಾಲಂಕಾರದ ಅಂಗಡಿಗೆ ಬಂದು ಕೂತಳು. ಒಣಮೀನು ಮಾರುವ ದಲ್ಲೆ ತಲೆಗೆ ಸುರುಳಿ ಸುತ್ತಿಸಿಕೊಳ್ಳುತ್ತ ಅಲ್ಲೇ ಇದ್ದಳು. ಮಾಲ್ಸುನ್ ಕನ್ನಡಿ ನೋಡುತ್ತ, "ಆವತ್ತು ಬಸ್‌ಸ್ಟ್ಯಾಂಡಲ್ಲಿ ನಾನು 'ಹೂಂ' ಅಂದಿದ್ರೆ, ಇವತ್ತು ಎದುರಿಗೆ ಒಬ್ಬ ಕೂತಿರ್ತಿದ್ದ" ಎಂದಳು. ಅಷ್ಟೇ.

ಅಷ್ಟು ಸಾಲದೇ? ಸಂಜೆಯೊಳಗೆ ಇಬ್ಬರೂ ಸೇರಿ ಎಲ್ಲ ಬಾಯಿ ಬಿಡಿಸಿದ್ದರು. ಅವನ ಹೆಸರು ಮಾನ್‌ಸಿಕ್. ಹಡಗು ಕಟ್ಟುವ ಕೆಲಸಕ್ಕೆ ಉಲ್ಸಾನಿಗೆ ಹೊರಟವನು, ಬಸ್ಸು ಹತ್ತುವ ಮುಂಚೆ, "ನನ್ ಜೊತೆ ಬರ್ತೀಯಾ?" ಎಂದು ಕೇಳಿದ್ದ. ಇವಳು ಚಪ್ಪಲಿಯ ತುದಿ ನೋಡುತ್ತ ನಿಂತಳು. ನಾಲಿಗೆ ಹೊರಳಲಿಲ್ಲ. ಬಸ್ಸು ಹೋಯಿತು.

ತಿಂಗಳು ಕಳೆಯಿತು. ಆ ಧಾರಾವಾಹಿಯವರೇ ಚಿತ್ರೀಕರಣಕ್ಕೆ ಗುನ್ಸಾನಿಗೆ ಬಂದಿಳಿದರು. ರೈಲುಹಳಿಯ ಪಕ್ಕದ ಹಳೆ ಕಾಫಿ ಅಂಗಡಿಯಲ್ಲಿ ಪ್ರೇಮಿಗಳು ಮತ್ತೆ ಸೇರುವ ದೃಶ್ಯ. ಹಿಂದಿನ ಮೇಜುಗಳಲ್ಲಿ ಸುಮ್ಮನೆ ಕೂರಲು ಊರಿನವರು ಬೇಕಿತ್ತು. ಯೊಂಗ್ರಾನ್ ಮಾಲ್ಸುನಳ ಹೆಸರು ಕೊಟ್ಟಳು, ಕೂದಲಿಗೆ ಹೂಕೋಸಿನಂಥ ಗುಂಗುರು ಹಾಕಿದಳು, ತನ್ನದೇ ಕೆಂಪು ಅಂಗಿ ತೊಡಿಸಿದಳು.

"ಇಷ್ಟು ಕೆಂಪಾ? ಬೆಂಕಿ ಆರಿಸೋ ಗಾಡಿ ಥರ ಕಾಣ್ತೀನಿ."

"ಸುಮ್ನಿರಕ್ಕಾ. ಎದ್ದು ಕಾಣ್ಬೇಕು."

"ಯಾರಿಗೆ?"

ದಲ್ಲೆಗೆ ತಡೆಯಲಾಗಲಿಲ್ಲ. "ಎದುರಿಗೆ ಯಾರ್ ಬಂದು ಕೂತ್ರೂ ಗಾಬರಿ ಆಗ್ಬೇಡ ಕಣೇ. ಒಣಮೀನು ಹೋಗ್ದಿರೋ ಊರಿಲ್ಲ, ನಮಗೆ ಸಿಗ್ದಿರೋ ಮನುಷ್ಯ ಇಲ್ಲ." ಯೊಂಗ್ರಾನ್ ಅವಳ ತೊಡೆ ಚಿವುಟಿದ್ದು ತಡವಾಗಿತ್ತು.

ಮಾಲ್ಸುನಳ ಎದೆ, ಬೆಲ್ಟು ಸಡಿಲವಾದ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳತೊಡಗಿತು. ಮಾನ್‌ಸಿಕ್ ಬರುತ್ತಾನೆ! ಇವತ್ತು ಹೇಳಲೇಬೇಕು. ಒಂದೇ ಒಂದು ಮಾತು, ಅಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡದ್ದು.

ಗೆಳತಿಯರನ್ನು ಹಗ್ಗದಾಚೆ, ರಸ್ತೆಯ ಆ ಬದಿಗೆ ತಳ್ಳಿದರು. ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡಿದ್ದ ಹುಡುಗಿ ಮಾಲ್ಸುನಳನ್ನು ಕಿಟಕಿಯ ಮೇಜಿಗೆ ಕೂರಿಸಿದಳು. ಮರುಕ್ಷಣವೇ ಓಡಿ ಬಂದಳು.

"ಅಮ್ಮಾ, ಏಳಿ ಏಳಿ! ನಾಯಕಿ ಹಿಂದೆ ಕೆಂಪು ಬರಬಾರದಂತೆ. ಆ ಹೂಕುಂಡದ ಮರೆಗೆ ಬನ್ನಿ. ಕನ್ನಡಕ ಕೊಡಿ, ಬೆಳಕು ಹೊಡಿಯುತ್ತೆ."

ಕನ್ನಡಕ ಹೋದ ಮೇಲೆ ಲೋಕವೆಲ್ಲ ಅಕ್ಕಿ ತೊಳೆದ ನೀರಿನಂತಾಯಿತು. ಎದುರಿಗೆ ಒಬ್ಬ ಗಂಡಸು ಬಂದು ಕೂತ. ದುಂಡು ಮುಖ, ಕೂದಲಿಲ್ಲದ ತಲೆ. ಮಾನ್‌ಸಿಕ್ ಸೌತೆಕಾಯಿಯಂತೆ ತೆಳ್ಳಗಿದ್ದ. ಇರಲಿ, ಹಡಗಿನ ಕಬ್ಬಿಣ ಹೊತ್ತವನು, ಬದಲಾಗದೆ ಇರುತ್ತಾನೆಯೇ? ಬೆನ್ನ ಹಿಂದೆ, ಅವಳು ಬಿಟ್ಟು ಬಂದಿದ್ದ ಕಿಟಕಿ ಮೇಜಿನಲ್ಲೂ ಯಾರೋ ಕೂತರು. ಕಂದು ಕೋಟಿನ ಮಸುಕು ಮಾತ್ರ ಕಂಡಿತು. ಕುರ್ಚಿಗೆ ಕುರ್ಚಿ ತಾಗಿತು.

"ಎಲ್ಲರೂ ಕೇಳಿ," ಎಂದಳು ಹುಡುಗಿ. "ಬಾಯಿ ಆಡಿಸ್ಬೇಕು, ಶಬ್ದ ಬರಬಾರದು. ಹಿಂದೆ ತಿರುಗಬಾರದು. ಮಧ್ಯೆ ಬಿಡುವು ಇದ್ರೂ ಪಿಸುಮಾತು ಬೇಡ."

ಮುಂದಿನ ಮೇಜಿನಲ್ಲಿ ನಾಯಕಿ, ನಾಯಕ. ನಾಯಕಿಯ ತಲೆಯ ಮೇಲೆ ಒಬ್ಬ ಉದ್ದ ಕೋಲಿನ ತುದಿಗೆ ಬೆಕ್ಕಿನ ಮರಿಯಂಥ ತುಪ್ಪುಳದ ಮೈಕು ಹಿಡಿದು ನಿಂತಿದ್ದ. "ಶುರು!"

ಎದುರಿನ ಗಂಡಸಿನ ತುಟಿ ಆಡತೊಡಗಿತು. ಏನು ಹೇಳುತ್ತಿದ್ದಾನೋ ಮಾಲ್ಸುನಳಿಗೆ ಕಾಣಲಿಲ್ಲ. ಆದರೆ ಎಂಥ ಸುಖವಿದು! ಶಬ್ದವಿಲ್ಲದೆ ಮಾತಾಡಬಹುದು ಎಂದರೆ ನಾಚಿಕೆ ಯಾರಿಗೆ? ಅವಳ ತುಟಿಯೂ ತೆರೆಯಿತು. ಅವತ್ತು ಚಪ್ಪಲಿ ನೋಡಿದ್ದಕ್ಕೆ ಕ್ಷಮೆ ಕೇಳಿದಳು. ಬಸ್ಸಿನ ಹಿಂದೆ ಮೂಲೆಯವರೆಗೂ ಓಡಿದ್ದನ್ನು ಹೇಳಿದಳು. ಅವನು ತಲೆದೂಗಿದ.

ನಾಯಕಿಗೆ ಕಣ್ಣೀರು ಬರಲಿಲ್ಲ. ಮತ್ತೊಮ್ಮೆ ತೆಗೆದರು. ಮಾಲ್ಸುನ್ ಗಂಡನ ವಿಷಯ ಹೇಳಿದಳು, ಕೆಟ್ಟವನಲ್ಲ, ಮಾತಿಲ್ಲದವನು. ನಾಯಕ ಸೀನಿದ. ಮತ್ತೊಮ್ಮೆ. ಒಂಟಿ ಊಟದ ವಿಷಯ ಹೇಳುವಾಗ ಅವಳ ಕಣ್ಣು ಧಾರೆಯಾಯಿತು.

"ಆ ಹಿಂದಿನ ಅಮ್ಮನಿಗೆ ಅಷ್ಟು ಅಳ್ಬೇಡ ಅನ್ನಿ!" ನಿರ್ದೇಶಕ ಕೂಗಿದ. "ನಾಯಕಿ ಇವಳೋ ಅವಳೋ?"

ಬೆನ್ನ ಹಿಂದಿನವನ ಕುರ್ಚಿ ಮಾತ್ರ ಪದೇ ಪದೇ ತಾಗುತ್ತಿತ್ತು. ಎಲ್ಲಿಯ ಕಾಟ! ಜೀವನದಲ್ಲೊಮ್ಮೆ ಮನಸ್ಸು ಬಿಚ್ಚುವಾಗ ಅಡ್ಡಿ. ಮಾಲ್ಸುನ್ ಮೊಣಕೈಯಿಂದ ಹಿಂದಕ್ಕೆ ಒಂದು ತಿವಿದಳು. ಕುರ್ಚಿ ಸುಮ್ಮನಾಯಿತು.

ಕೊನೆಯ ಸಲಕ್ಕೆ ಅವಳು ಮೈಯೆಲ್ಲ ಧೈರ್ಯ ತಂದುಕೊಂಡು, ತುಟಿ ದುಂಡಗೆ ಮಾಡಿ ಕೇಳಿದಳು: 'ಮಾಂಸ ತಿನ್ನೋಕೆ ಹೋಗೋಣ್ವಾ? ಇಬ್ಬರಿದ್ರೆ ಒಲೆ ಹಚ್ತಾರೆ.' ಎದುರಿನವನು ಹೂಂ ಎನ್ನುವಂತೆ ಜೋರಾಗಿ ತಲೆಯಾಡಿಸಿದ. ಅವನ ಕಣ್ಣೂ ಒದ್ದೆಯಾದಂತೆ ಹೊಳೆಯಿತು. ಅವಳು ಕೈ ಚಾಚಿ ಅವನ ತೋಳು ಹಿಡಿದುಕೊಂಡಳು.

"ಸಾಕು! ದೃಶ್ಯ ಸಿಕ್ತು!"

ಗಂಡಸು ಎದ್ದು ಬಾಗಿ ವಂದಿಸಿದ. "ಭಾರಿ ಚೆನ್ನಾಗಿ ಮಾಡಿದ್ರಿ ಅಮ್ಮ! ಎಲ್ಲಿ ಕಲಿತ್ರಿ? ನಾನು ಸಿಯೋಲ್‌ನಲ್ಲಿ ಬಸ್ಸು ಓಡಿಸ್ತಿದ್ದೆ, ಈಗ ಇವರ ಜೊತೆ ಊರೂರಿಗೆ ಹೋಗಿ ಹಿಂದೆ ಕೂರೋದೇ ಕೆಲಸ. ಬಾಯಿ ಆಡಿಸು ಅಂದ್ರೆ ನನ್ನ ದಾರಿಯ ನಿಲ್ದಾಣಗಳ ಹೆಸರು ಹೇಳ್ಕೊಂಡು ಹೋಗ್ತೀನಿ. ಕೊನೇ ನಿಲ್ದಾಣ ಬಂದ್ರೆ ಕಣ್ಣು ತುಂಬುತ್ತೆ, ಕೆಲಸ ಬಿಟ್ಟ ದಿನ ನೆನಪಾಗುತ್ತೆ ನೋಡಿ." ಎಂದವನೇ ಊಟದ ಡಬ್ಬಿಗಾಗಿ ಸಾಲಿನ ಕಡೆ ಓಡಿದ.

ಮಾಲ್ಸುನ್ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಗೆಳತಿಯರಿಬ್ಬರೂ ಹಗ್ಗ ದಾಟಿ ನುಗ್ಗಿದ್ದರು.

"ಏನಂದ ಮಾನ್‌ಸಿಕ್? ಏನಂದ?" ದಲ್ಲೆ ಏದುಸಿರು ಬಿಟ್ಟಳು. "ಎಲ್ಲಿ ಅವನು? ಕಂದು ಕೋಟು?"

"ಕಂದು ಕೋಟು?"

"ನಿಮ್ಮಿಬ್ರನ್ನೂ ಕಿಟಕಿ ಹತ್ರ ಕೂರಿಸಿ ಅಂತ ಆ ಹುಡುಗಿಗೆ ಹೇಳಿದ್ದೆ ಅಕ್ಕಾ, ಎದುರುಬದುರು!" ಎಂದಳು ಯೊಂಗ್ರಾನ್.

ಮಾಲ್ಸುನ್ ತಿರುಗಿ ನೋಡಿದಳು. ಕಿಟಕಿಯ ಮೇಜಿನಲ್ಲಿ ಮುಟ್ಟದ ಕಾಫಿ ಇತ್ತು. ಅದರೆದುರಿನ ಗೋಡೆಗೆ ದೊಡ್ಡ ಕನ್ನಡಿ. ಅಲ್ಲಿ ಕೂತವನಿಗೆ ಹೂಕುಂಡದ ಮೇಜು ಪೂರ್ತಿ ಕಾಣುತ್ತಿತ್ತು.

ಯೊಂಗ್ರಾನಳ ಫೋನು ಬಡಿದುಕೊಂಡಿತು. ಅವಳು ಎಲ್ಲರಿಗೂ ಕೇಳುವಂತೆ ಹಿಡಿದಳು. ಬಸ್ಸಿನ ಸದ್ದು, ಅದರ ನಡುವೆ ಒಂದು ದನಿ. ದನಿ ಬದಲಾಗಿರಲಿಲ್ಲ.

"ತಂಗ್ಯಮ್ಮ, ನಾನು ಮೂಲೇಲೇ ಸಿಕ್ಕಿದ ಬಸ್ಸು ಹತ್ತಿದೀನಿ. ಒಂಟಿಯಾಗಿದಾಳೆ ಅಂತ ಯಾಕಮ್ಮ ಹೇಳಿದ್ರಿ? ಕನ್ನಡಿಯಲ್ಲಿ ಎಲ್ಲ ನೋಡ್ದೆ. ಗಂಡನ ತೋಳು ಹಿಡ್ಕೊಂಡು ಎಷ್ಟು ಮಾತು! ಕರೆಯೋಣ ಅಂತ ನಾಕು ಸಲ ಕುರ್ಚಿ ತಾಗಿಸ್ದೆ, ತಿವಿದುಬಿಟ್ಲು. ನನ್ನ ಜೊತೆ ಇದ್ದಾಗ ಒಂದಕ್ಷರಾನೂ ಆಡದವಳು. ಆಡ್ಲಿ ಬಿಡಿ, ಚೆನ್ನಾಗಿರ್ಲಿ."

"ಹೇಳೇ!" ದಲ್ಲೆ ಮಾಲ್ಸುನಳ ಬೆನ್ನಿಗೆ ಗುದ್ದಿದಳು. "ಬಾಯಿ ಬಿಡೇ, ಈಗ್ಲಾದ್ರೂ!"

ಮಾಲ್ಸುನ್ ಫೋನಿನತ್ತ ಬಗ್ಗಿದಳು. ತುಟಿ ತೆರೆಯಿತು, ಆಡಿತು, ದುಂಡಗಾಯಿತು. ಶಬ್ದ ಬರಲಿಲ್ಲ. ಬಸ್ಸಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿ ಕರೆ ಕಡಿಯಿತು.

ತಪ್ಪು ಕೆಂಪು ಅಂಗಿಯದೋ ದಲ್ಲೆಯ ಬಾಯಿಯದೋ ಎಂದು ಗೆಳತಿಯರು ಅಲ್ಲೇ ಜಗಳಕ್ಕೆ ನಿಂತರು. ಮಾಲ್ಸುನ್ ಮೆಲ್ಲನೆ ಹೊರಬಿದ್ದು, ಹಳಿ ದಾಟಿ, ಮಾಂಸದ ಅಂಗಡಿಯ ಬಾಗಿಲು ಸರಿಸಿದಳು.

"ಎಷ್ಟು ಜನ?"

ಅವಳು ಎರಡು ಬೆರಳು ಎತ್ತಿದಳು. ಅಂಗಡಿಯವಳು ಎರಡು ಚಮಚ, ಎರಡು ಜೊತೆ ಊಟದ ಕಡ್ಡಿ ಇಟ್ಟು ಒಲೆ ಹಚ್ಚಿದಳು. "ಇನ್ನೊಬ್ರು ಬರೋದು ಲೇಟಾ?"

"ಸ್ವಲ್ಪ ಲೇಟು," ಎಂದಳು ಮಾಲ್ಸುನ್. ದನಿ ಸ್ಪಷ್ಟವಾಗಿ, ಅಂಗಡಿಗೆಲ್ಲ ಕೇಳುವಂತೆ ಬಂತು.

ಗೋಡೆಯ ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು. ನಾಯಕಿ ಮಳೆಯಲ್ಲಿ ನಿಂತು, 'ಹೋಗಬೇಡ' ಎಂದು ಬಾಯ್ತುಂಬ ಕೂಗುತ್ತಿದ್ದಳು. ಮಾಲ್ಸುನ್ ಮಾಂಸ ಮಗುಚಿ, ಬೆಂದ ತುಂಡೊಂದನ್ನು ಎದುರಿನ ತಟ್ಟೆಗೆ ಹಾಕಿದಳು.

"ಅವಳಿಗೇನಮ್ಮ," ಎಂದಳು ಅಂಗಡಿಯವಳಿಗೆ, "ತಲೆ ಮೇಲೆ ಮೈಕು ಹಿಡಿಯೋಕೆ ಒಬ್ಬ ಇದಾನೆ."