ಚುಚ್ಚುರಹಿತ ಆಸ್ಪತ್ರೆಯ ಜಾಲಿಗಿಡ

ಜಗಳೂರು ತಾಲ್ಲೂಕಿನ ಬಿಳಿಗುಂಡಿ ಆಸ್ಪತ್ರೆಯಲ್ಲಿ ಸಿಬ್ಬಂದಿಗೆ ಸೂಜಿ ಚುಚ್ಚುವುದಿಲ್ಲ. ರೋಗಿಗಳಿಗೆ ಚುಚ್ಚುತ್ತದೆ, ಅದು ಚಿಕಿತ್ಸೆ ಎನಿಸಿಕೊಳ್ಳುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಈ ಸಾಧನೆಗಾಗಿ ಆಸ್ಪತ್ರೆಗೆ 'ಚುಚ್ಚುರಹಿತ ಆಸ್ಪತ್ರೆ' ಎಂಬ ಫಲಕ ಮಂಜೂರಾಗಿತ್ತು. ರಕ್ತದಿಂದ ಹರಡುವ ರೋಗಗಳ ಬಗ್ಗೆ ಸಿಬ್ಬಂದಿಗೆ ಸುರಕ್ಷತಾ ತರಬೇತಿ ನಡೆಯುವ ದಿನವೇ, ಊಟದ ನಂತರ, ಅದನ್ನು ಪ್ರದಾನ ಮಾಡುವುದೆಂದು ತೀರ್ಮಾನವಾಗಿತ್ತು.

ತರಬೇತಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಜನ ಬಂದಿದ್ದರು. ಗುಮಾಸ್ತರು, ಡ್ರೈವರುಗಳು, ಉಗ್ರಾಣದವರು ಎಲ್ಲರೂ ಕೂತಿದ್ದರು. ವಾರ್ಡಿನ ಕಸ ತೆಗೆಯುವ ದುರುಗಕ್ಕನನ್ನು ಮಾತ್ರ ಕೂರಿಸಿರಲಿಲ್ಲ. ಅವಳೂ ಕೂತರೆ ಕಸ ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಕಚೇರಿಯ ಬಳಿ ಉತ್ತರವಿರಲಿಲ್ಲ. ಆದರೆ ಕಸದ ಕೋಣೆ ಸಭಾಂಗಣದ ಕಿಟಕಿಗೆ ಅಂಟಿಕೊಂಡೇ ಇದ್ದುದರಿಂದ, ತರಬೇತುದಾರ ಮಹಾಂತೇಶ್ ಮೈಕಿನಲ್ಲಿ ಹೇಳಿದ್ದೆಲ್ಲ ಅವಳಿಗೂ ಕೇಳುತ್ತಿತ್ತು.

"ಬಳಸಿದ ಸೂಜಿ ಚುಚ್ಚಿದರೆ ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು," ಎಂದು ಅವರು ಹೇಳುತ್ತಿರುವಾಗಲೇ, ಕಸದ ಹಳದಿ ಚೀಲದಲ್ಲಿ ಇರಬಾರದಿದ್ದ ಸೂಜಿಯೊಂದು ಅವಳ ತೋರುಬೆರಳಿಗೆ ಇಳಿಯಿತು. ದುರುಗಕ್ಕ ಹಿಂಡಲಿಲ್ಲ. ಬಾಯಿಗಿಡಲಿಲ್ಲ. ಸೋಪು ಹಚ್ಚಿ ತೊಳೆಯಬೇಕು ಎಂದರು, ತೊಳೆದಳು. ತಕ್ಷಣ ತಿಳಿಸಬೇಕು, ತಡವಾದಷ್ಟೂ ರೋಗ ತಗಲದಂತೆ ಕೊಡುವ ಮಾತ್ರೆ ಕೆಲಸ ಮಾಡುವುದು ಕಡಿಮೆ ಎಂದರು. ಒಳಗೆ ಬಂದು ತಿಳಿಸಿದಳು. ತರಬೇತಿಯಲ್ಲಿ ಹೇಳಿದ್ದನ್ನು ಯಾರಾದರೂ ಮಾಡಿ ತೋರಿಸಿದ್ದು ಅದೇ ಮೊದಲಾದ್ದರಿಂದ ಸಭೆ ಚಪ್ಪಾಳೆ ತಟ್ಟಿತು.

ತಟ್ಟದವರು ಕಚೇರಿ ಅಧೀಕ್ಷಕ ಷಣ್ಮುಖಪ್ಪ ಒಬ್ಬರೇ. ಫಲಕ ತೂಗುಹಾಕಲು ಗೋಡೆಗೆ ಮೊಳೆ ಹೊಡೆಸಿಯಾಗಿತ್ತು. ಅವಳನ್ನು ವರಾಂಡಕ್ಕೆ ಕರೆದರು.

"ಸೂಜಿ ಅಂತ ಹೆಂಗೆ ಹೇಳ್ತೀಯ ದುರುಗಕ್ಕ? ಜಾಲಿಮುಳ್ಳು ಇರಬಹುದು. ನಮ್ಮ ಸೀಮೆ ತುಂಬ ಅದೇ ಐತೆ."

"ಬೆರಳಾಗೇ ನಿಂತಿತ್ತು ಸಾರ್. ನಾನೇ ಕಿತ್ತೆ."

"ಮುಳ್ಳೂ ನಿಲ್ತೈತೆ."

"ಮುಳ್ಳಿಗೆ ಹಿಂದ್ಗಡೆ ಪ್ಲಾಸ್ಟಿಕ್ ಹಿಡಿಕಿ ಇರ್ತೈತೇನ್ರೀ?"

ಷಣ್ಮುಖಪ್ಪ ಯೋಚಿಸಿದರು. "ಈಗೀಗ ಎಲ್ಲಾದ್ರಾಗೂ ಪ್ಲಾಸ್ಟಿಕ್ ಸೇರ್ಕಂಡೈತಮ್ಮ," ಎಂದರು.

ಮಾತ್ರೆ ಇದ್ದದ್ದು ನರ್ಸ್ ಸಂಧ್ಯಾರಾಣಿಯ ಬೀರುವಿನಲ್ಲಿ. ಆಕೆ ಬೀಗದ ಕೈ ಹಿಡಿದುಕೊಂಡೇ ಓಡಿ ಬಂದಿದ್ದಳು. "ಸೂಜಿ ಚುಚ್ಚಿದೋರಿಗೆ ಮಾತ್ರೆ ಐತೆ ಸಾರ್. ಮುಳ್ಳು ಚುಚ್ಚಿದೋರಿಗೆ ಇಲ್ಲ."

"ಇಲ್ಲಿ ಸೂಜಿ ಚುಚ್ಚಲ್ವಲ್ಲಮ್ಮ."

"ಹಂಗಾದ್ರೆ ಮಾತ್ರೆ ಯಾಕೆ ತರ್ಸಿದ್ರಿ?"

"ತಪಾಸಣೆಗೆ ಬಂದೋರಿಗೆ ತೋರ್ಸಾಕೆ."

ಆ ಚೀಲ ಯಾವ ಹಾಸಿಗೆಯ ಪಕ್ಕದ್ದೋ, ಯಾರ ರಕ್ತವೋ, ಅವರಿಗೆ ಯಾವ ಕಾಯಿಲೆಯೋ, ದುರುಗಕ್ಕನಿಗೆ ಒಂದೂ ಗೊತ್ತಿರಲಿಲ್ಲ. ಫಲಕ ಯಾವ ಗೋಡೆಗೆ ಹತ್ತಿದರೂ ಅವಳದೇನೂ ತಕರಾರಿರಲಿಲ್ಲ; ಅವಳಿಗೆ ಮಾತ್ರೆ ಬೇಕಿತ್ತು. ಒಳಗೆ ಮೈಕು ಇನ್ನೂ "ತಡ ಮಾಡಬಾರದು" ಎನ್ನುತ್ತಿತ್ತು.

"ಆತು ಸಾರ್, ಮುಳ್ಳೇ ಅಂತ ಬರ್ಕಳ್ರಿ," ಎಂದಳು. "ಆದ್ರೆ ಆ ಮುಳ್ಳು ನನಗೆ ಚುಚ್ಚೋಕೆ ಮೊದ್ಲು ಒಬ್ರು ಪೇಷಂಟಿಗೆ ಚುಚ್ಚಿತ್ತು. ಅದನ್ನೂ ಬರ್ಕಳ್ರಿ."

ಮಹಾಂತೇಶ್ ಅವರನ್ನು ಕರೆಸಿ ಕೇಳಲಾಯಿತು. ರೋಗಿಗೆ ಚುಚ್ಚಿದ ಮುಳ್ಳು ತರುವಾಯ ಸಿಬ್ಬಂದಿಗೂ ಚುಚ್ಚಿದ ಪಕ್ಷದಲ್ಲಿ ಮಾತ್ರೆ ಕೊಡಬಾರದೆಂದು ಯಾವ ನಿಯಮದಲ್ಲೂ ಹೇಳಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಅವರ ಮಾತು ಮುಗಿಯುವಷ್ಟರಲ್ಲಿ ಸಂಧ್ಯಾರಾಣಿ ಮೊದಲ ಮಾತ್ರೆ ನುಂಗಿಸಿ, ಪರೀಕ್ಷೆಗೆ ರಕ್ತವನ್ನೂ ತೆಗೆದುಕೊಂಡಾಗಿತ್ತು.

ಊಟದ ನಂತರ ಫಲಕ ಪ್ರದಾನವಾಯಿತು. ದುರುಗಕ್ಕನ ವರದಿಗಾಗಿ ಹುಟ್ಟಿದ 'ಮುಳ್ಳುಗಾಯ' ಎಂಬ ಹೊಸ ವರ್ಗ ನಾಲ್ಕೂ ತಾಲ್ಲೂಕಿನವರಿಗೆ ಹಿಡಿಸಿತು. ಸೂಳೆಕೆರೆ ಕಡೆಯ ಗುಮಾಸ್ತರೊಬ್ಬರು ಎದ್ದು, ತಮ್ಮಲ್ಲಿ ಜಾಲಿ ಕಡಿಮೆ, ಮೀನಿನ ಮುಳ್ಳನ್ನು ಪರಿಗಣಿಸಬಹುದೇ ಎಂದು ಕೇಳಿದರು. ಪರಿಗಣಿಸಬಹುದೆಂದು ಉತ್ತರ ಬಂತು.

ದುರುಗಕ್ಕ ಮಾತ್ರೆಗಳನ್ನು ಬಿಡದೆ ನುಂಗಿದಳು. ಆಮೇಲಿನ ರಕ್ತಪರೀಕ್ಷೆಗಳಲ್ಲಿ ಏನೂ ಕಾಣಿಸಲಿಲ್ಲ. ಮತ್ತೆ ಅದೇ ಕೋಣೆ, ಅದೇ ಚೀಲ, ಅದೇ ಬರಿಗೈ.

ಕೆಲವು ತಿಂಗಳಿಗೆ ತಪಾಸಣೆಗೆಂದು ಬಂದ ಅಧಿಕಾರಿ, ಮುಳ್ಳುಗಾಯದ ವರದಿ ಓದಿ, ಜಾಲಿಗಿಡ ಎಲ್ಲಿ ಎಂದು ಕೇಳಿದರು. ಆವರಣದಲ್ಲಿ ಒಂದೂ ಇರಲಿಲ್ಲ. ಗಿಡವಿಲ್ಲದೆ ಮುಳ್ಳು ಬಂದಿರುವುದು ಆಕ್ಷೇಪಾರ್ಹ ಎಂದು ಷರಾ ಬರೆದು ಹೋದರು. ಷಣ್ಮುಖಪ್ಪ ಮರುದಿನವೇ ಕುಂಡದಲ್ಲೊಂದು ಜಾಲಿ ನೆಡಿಸಿ ಕಸದ ಕೋಣೆಯ ಬಾಗಿಲಲ್ಲಿ ಇಡಿಸಿದರು. ನೀರು ಹಾಕುವ ಕೆಲಸ ದುರುಗಕ್ಕನಿಗೆ ಬಂತು. ಈ ಹಿಂದೆ ಸಿಬ್ಬಂದಿಯೊಬ್ಬರನ್ನು ಗಾಯಗೊಳಿಸಿದ ಗಿಡವಾದ್ದರಿಂದ, ಅದನ್ನು ನೋಡಿಕೊಳ್ಳುವವರಿಗೆ ಮೊಣಕೈವರೆಗಿನ ದಪ್ಪ ಕೈಗವಸು ಮಂಜೂರಾಯಿತು. ಕಸ ತೆಗೆಯಲು ಬೇಕೆಂದು ವರ್ಷಗಟ್ಟಲೆ ಕೇಳಿದರೂ ಬಾರದಿದ್ದ ಕೈಗವಸು ಅದು. ಜೊತೆಗೊಂದು ಷರತ್ತಿತ್ತು: 'ಸದರಿ ಕೈಗವಸುಗಳನ್ನು ಸದರಿ ಗಿಡದ ಸಮೀಪದಲ್ಲಿ ಮಾತ್ರ ಧರಿಸತಕ್ಕದ್ದು.'

ದುರುಗಕ್ಕ ಅದನ್ನು ಸಂಧ್ಯಾರಾಣಿಯಿಂದ ಓದಿಸಿ ಕೇಳಿದಳು.

"ನಾನು ಗಿಡದ ಹತ್ರ ಹೋಗ್ಬೇಕು ಅಂತೇನಿಲ್ಲಲ್ರೀ ಸಿಸ್ಟರ್? ಅದೇ ನನ್ನ ಹತ್ರ ಇದ್ರೂ ನಡೀತೈತಲ್ಲ?"

ಸಂಧ್ಯಾರಾಣಿ ಇನ್ನೊಂದು ಸಲ ಓದಿದಳು. "ನಡೀತೈತೆ," ಎಂದಳು.

ಈಗ ಬೆಳಗ್ಗೆ ಕಸದ ಗಾಡಿ ವಾರ್ಡಿಗೆ ಬರುವಾಗ ಅದರ ಮುಂದುಗಡೆ ಕುಂಡದೊಳಗೆ ಜಾಲಿಗಿಡವೂ ಬರುತ್ತದೆ, ಹಿಂದೆ ಕೈಗವಸು ತೊಟ್ಟ ದುರುಗಕ್ಕ. ಡಾಕ್ಟರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ರೋಗಿಗಳ ಕಡೆಯವರು ಎದ್ದು ನಿಲ್ಲುತ್ತಾರೆ. ಕೆಲವರು ಕೈ ಮುಗಿಯುವುದೂ ಉಂಟು. ಹೆರಿಗೆ ವಾರ್ಡು ತೊಳೆಯುವ ಕಸ್ತೂರಮ್ಮ ತನಗೂ ಒಂದು ಗಿಡ ಕೊಡಿಸಬೇಕೆಂದು ಮೊನ್ನೆ ಅರ್ಜಿ ಹಾಕಿದಳು. ಹೆರಿಗೆ ವಾರ್ಡು ದೊಡ್ಡದಾದ್ದರಿಂದ ಒಂದು ಗಿಡ ಸಾಲದು, ಎರಡು ಮಂಜೂರು ಮಾಡಬಹುದು ಎಂದು ಷಣ್ಮುಖಪ್ಪ ಶಿಫಾರಸು ಮಾಡಿದ್ದಾರೆ.