ಗಂಡುಗಿಡಕ್ಕೆ ಗೌರಿಹಬ್ಬ

ಶಿವರಾಮು ಅವರ ದಾಂಪತ್ಯಕ್ಕೆ ಅಡ್ಡ ಬಂದದ್ದು ಅತ್ತೆಯಲ್ಲ, ನಾದಿನಿಯಲ್ಲ, ಆಫೀಸಿನ ಯಾವ ಸುಂದರಿಯೂ ಅಲ್ಲ. ಹೆಂಡತಿ ವಸುಧಾ ಅವರ ಎಡಗಾಲಿನ ಮಂಡಿ.

ಮಗಳು ಹರಿಪ್ರಿಯಾಳ ಬಾಣಂತನಕ್ಕೆಂದು ವಸುಧಾ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನ ಮನೆಯಿಂದ, ಕಾರಿನಲ್ಲಿ ಗಂಟೆ ದಾರಿಯ ಪ್ಲೆಸೆಂಟನ್‌ಗೆ ಹೋದರು. ಹೋಗುವಾಗ ಫ್ರಿಜ್ಜಿನಲ್ಲಿ ಒಂದು ವಾರದ ಸಾರು, ಬಾಗಿಲಲ್ಲಿ "ಬೇಗ ಬಂದ್ಬಿಡ್ತೀನಿ ರೀ" ಎಂಬ ಮಾತು, ಎರಡನ್ನೂ ಬಿಟ್ಟು ಹೋದರು. ಸಾರು ಮುಗಿಯಿತು. ಮೊಮ್ಮಗ ಕುಶಲ್ ಮಗುಚಿಕೊಂಡ, ಅಂಬೆಗಾಲಿಟ್ಟ, ಎದ್ದು ನಿಂತ, ಈಗ ಓಡಿಹೋಗಿ ಟಿವಿ ರಿಮೋಟು ಕಚ್ಚುವಷ್ಟು ದೊಡ್ಡವನಾದ. ಅಜ್ಜಿ ಮಾತ್ರ ಮಂಡಿನೋವೆಂದು ಅಲ್ಲೇ.

ಪ್ರತಿದಿನ ಸಂಜೆ ಫೋನಿನಲ್ಲಿ ಅದೇ ಪುರಾಣ ಪಾರಾಯಣ.

"ಮಂಡಿ ಹೇಗಿದೆ?"

"ಹಂಗೇ ಇದೆ. ನಮ್ಮನೆ ಮೆಟ್ಟಿಲು ನೆನೆಸಿಕೊಂಡ್ರೇ ಭಯ ಆಗತ್ತೆ."

"ಸರಿ, ರೆಸ್ಟ್ ತಗೋ. ಅರ್ಜೆಂಟೇನಿಲ್ಲ."

(ಅರ್ಜೆಂಟು ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರ ವಂಶದಲ್ಲೇ ಇರಲಿಲ್ಲ. ಅವರಪ್ಪ ಮಂಡ್ಯದಿಂದ, ತವರಿಗೆ ಹೋದ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ "ಎಮ್ಮೆ ಹಾಲು ಕೊಡ್ತಿಲ್ಲ" ಎಂದು ಸುದ್ದಿ ಕಳಿಸುತ್ತಿದ್ದರಂತೆ.)

ಮನೆ ಎಷ್ಟು ಬಣಗುಡುತ್ತಿತ್ತೆಂದರೆ, ಫ್ರಿಜ್ಜು ಗುರ್ರೆಂದರೆ ಶಿವರಾಮು "ಬಂದೇ" ಎಂದು ಎದ್ದು ಹೋಗುತ್ತಿದ್ದರು. ಒಂದು ತಟ್ಟೆ, ಒಂದು ಲೋಟದಿಂದ ಡಿಶ್‌ವಾಷರ್ ತುಂಬುವಷ್ಟರಲ್ಲಿ ಋತು ಬದಲಾಗುತ್ತಿತ್ತು. ಹೆಂಗಸಿನ ದನಿಯಲ್ಲಿ ಗದರಿಸಿಕೊಂಡು ಬಹಳ ದಿನವಾಯಿತೆಂದು, ಗೊತ್ತಿದ್ದ ದಾರಿಗೂ ಕಾರಿನಲ್ಲಿ ಮ್ಯಾಪು ಹಾಕಿಕೊಂಡು, ಬೇಕೆಂದೇ ತಪ್ಪು ತಿರುವು ತೆಗೆದುಕೊಳ್ಳುತ್ತಿದ್ದರು. ಆ ಹೆಂಗಸೋ ಮಹಾ ಸಾಧ್ವಿ. ಒಂದು ಸಲವೂ ಬೈಯಲಿಲ್ಲ.

ಹೀಗಿರುವಾಗ ಮಿಲ್ಪಿಟಾಸ್‌ನಲ್ಲಿ ಒಂದು ಸತ್ಯನಾರಾಯಣ ಪೂಜೆ. ಹಳೆಯ ಸಹೋದ್ಯೋಗಿ ಅರವಿಂದ ಸಪಾದಭಕ್ಷ್ಯ ಚಪ್ಪರಿಸುತ್ತಾ ಜ್ಞಾನದಾನ ಮಾಡಿದ.

"ನಮ್ಮಮ್ಮನ ಮಂಡಿಗೆ ಗಾಂಜಾ ಎಣ್ಣೆ ಹಚ್ತೀವಿ ಸಾರ್. ಈಗ ಗ್ರೋಸರಿಗೆ ಹೋದ್ರೆ ಅವ್ರನ್ನ ಹಿಡಿಯೋಕೇ ಆಗಲ್ಲ."

"ಪೊಲೀಸು?"

"ಕ್ಯಾಲಿಫೋರ್ನಿಯಾ ಸಾರ್ ಇದು! ಮನೇಲಿ ಆರು ಗಿಡ ಬೆಳ್ಕೋಬಹುದು. ಬೇಡ ಅಂದ್ರೆ ಎಣ್ಣೇನೇ ಅಂಗಡೀಲಿ ಸಿಗತ್ತೆ."

ಅಂಗಡಿ ಎಣ್ಣೆಗೆ ಒಲಿದು ಯಾವ ಹೆಂಡತಿ ಬಂದಾಳು? ಕೈಯಾರೆ ಬೆಳೆದು, ಕೈಯಾರೆ ಕಾಯಿಸಿ, ಕೈಯಾರೆ ಹಚ್ಚಬೇಕು. ಮಂಡಿ ಮಡಚಿದ ಮರುಕ್ಷಣ ವಸುಧಾ ಮನೆಯ ಮೆಟ್ಟಿಲು ಹತ್ತಬೇಕು. ಹೀಗೆ ಶಿವರಾಮು, ಚಿಪ್ ಕಂಪನಿಯ ನಿವೃತ್ತ ಎಂಜಿನಿಯರ್, ಗಾಂಜಾ ಕೃಷಿಗೆ ದೀಕ್ಷಾಬದ್ಧರಾದರು.

ಗುರು ಸಿಕ್ಕಿದ್ದು ಯೂಟ್ಯೂಬಿನಲ್ಲಿ. ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಬಿಳಿಯ. ಅವನು ಇಂಗ್ಲಿಷಿನಲ್ಲಿ "ಹೇಗಿದ್ದೀರಿ ಸ್ನೇಹಿತರೇ" ಎಂದರೆ ಶಿವರಾಮು ಕನ್ನಡದಲ್ಲಿ "ಇದೀನಪ್ಪ, ನೀನು ಹೇಳು" ಎನ್ನುತ್ತಿದ್ದರು. ದಿನಕ್ಕೆ ಅವರನ್ನು ಹೇಗಿದ್ದೀರಿ ಎಂದು ಕೇಳುತ್ತಿದ್ದವನು ಅವನೊಬ್ಬನೇ. ಅವನ ಉಪದೇಶದ ಸಾರ ಇಷ್ಟು: ಗಿಡವನ್ನು ಸಾಕಬೇಡಿ, ಮಣ್ಣನ್ನು ಸಾಕಿ. ಮಣ್ಣು ಜೀವಂತವಾಗಿದ್ದರೆ ಗಿಡದ ಯೋಗಕ್ಷೇಮ ಅದೇ ನೋಡಿಕೊಳ್ಳುತ್ತದೆ.

ಶಿವರಾಮು ಹಿತ್ತಲಿನಲ್ಲಿ ದೊಡ್ಡ ದೊಡ್ಡ ಟಬ್ಬುಗಳಲ್ಲಿ ಎಲೆಗೊಬ್ಬರ, ಕಲ್ಲಿನ ಪುಡಿ, ಅಂಚೆಯಲ್ಲಿ ತರಿಸಿದ ಎರೆಹುಳ ಸೇರಿಸಿ ಮಣ್ಣು ಕಟ್ಟಿ, ಆರು ಗಾಂಜಾ ಬೀಜ ಊರಿದರು. ಆಮೇಲೆ ಮಂಡ್ಯದ ರಕ್ತ ಕುದಿಯಿತು. ಈ ಗಡ್ಡದವನಿಗೆ ಜೀವಾಮೃತ ಗೊತ್ತೇ? ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಕೊಳೆಸಿದರೆ ಸತ್ತ ಮಣ್ಣೂ ಎದ್ದು ಕೂರುತ್ತದೆ! ಬೆಲ್ಲ, ಕಡಲೆಹಿಟ್ಟು ಮಿಲ್ಪಿಟಾಸ್‌ನ ಅಂಗಡಿಯಲ್ಲಿ ಸಿಕ್ಕವು. ಉಳಿದೆರಡಕ್ಕೆ ಊರಾಚೆಯ ಒಂದು ದನ ಸಾಕುವ ರ‍್ಯಾಂಚಿಗೇ ಹೋಗಬೇಕಾಯಿತು. ಅಲ್ಲಿದ್ದಾಗಲೇ ವಸುಧಾ ಫೋನು.

"ಏನ್ರೀ ಮಾಡ್ತಿದೀರಿ?"

"ಹಸು ಹಿಂದೆ ನಿಂತಿದೀನಿ."

"ಯಾಕೆ?"

"ಬಕೆಟ್ ಹಿಡ್ಕೊಂಡು... ಗಂಜಲಕ್ಕೆ. ಒಂದು ಔಷಧಿ ಗಿಡ ಹಾಕಿದೀನಿ ಕಣೆ."

"ಮಂಡ್ಯದಲ್ಲಿ ಹಸು ಎದುರಿಗೆ ಬಂದ್ರೆ ರಸ್ತೆ ದಾಟ್ತಿದ್ರಿ! ಅಮೆರಿಕದ ಹಸು ಒದ್ರೆ ನೋವಾಗಲ್ಲ ಅಂತ ಯಾರು ಹೇಳಿದ್ರು?"

ಎಷ್ಟು ಹಿತವಾಗಿತ್ತು ಆ ಬೈಗುಳ! ಇನ್ನೂ ಸ್ವಲ್ಪ ಬೈಯಲೆಂದು ಅವರು ಕಾದರು. ಅಷ್ಟರಲ್ಲಿ ಅತ್ತ ಕುಶಲ್ ಅತ್ತ, ಇತ್ತ ಹಸು ಮನಸ್ಸು ಮಾಡಿತು. ಫೋನು ಕಟ್ಟಾಯಿತು.

ಜೀವಾಮೃತದ ಪ್ರಭಾವವನ್ನು ಏನೆಂದು ವರ್ಣಿಸೋಣ! ಮಣ್ಣಿನಲ್ಲಿ ಊರಿಟ್ಟ ಬಿದಿರುಕೋಲು ವಾರದಲ್ಲಿ ಚಿಗುರಿತು. ಎರೆಹುಳಗಳು ಕೇರೆಹಾವಿನಂತೆ ಕೊಬ್ಬಿ, ಶಿವರಾಮು ಬಂದರೆ ದಾರಿ ಬಿಡದೆ ಮಲಗಿದವು. ಹೊಸ ಪ್ರಯೋಗಗಳಿಗೂ ಕೊರತೆಯಿರಲಿಲ್ಲ. ಎಲೆಗೆ ಬೂದಿರೋಗ ಬರದಿರಲೆಂದು ಹುಳಿಮಜ್ಜಿಗೆ ಸಿಂಪಡಿಸಿದರು. ಕೊಂಬೆ ಮೇಲೇರದೆ ಅಗಲಕ್ಕೆ ಹರಡಲೆಂದು ಹಳೇ ಪಂಚೆ ಹರಿದು ಬಗ್ಗಿಸಿ ಕಟ್ಟಿದರು. ಬೆಳಿಗ್ಗೆ ಸುಪ್ರಭಾತ, ಸಂಜೆ ಫ್ರೀವೇ ಟ್ರಾಫಿಕ್ಕಿನ ವರದಿ ಕೇಳಿಸಿದರು. ಗಿಡಗಳು ಬೇಲಿ ಮುಟ್ಟಿದವು.

ಆಗ ಗೊತ್ತಾಯಿತು: ಆರರಲ್ಲಿ ಒಂದು ಗಂಡು.

ಗಡ್ಡದ ಗುರು ಈ ವಿಷಯದಲ್ಲಿ ನಿರ್ದಯಿ. ಗಂಡುಗಿಡ ಕಂಡ ತಕ್ಷಣ ಕಿತ್ತು ಎಸೆಯಿರಿ. ಅದರ ಪರಾಗ ಬಿದ್ದರೆ ಹೆಣ್ಣು ಹೂವೆಲ್ಲ ಬೀಜ ಕಟ್ಟುತ್ತದೆ, ಎಣ್ಣೆಗೆ ಬೇಕಾದ ಸತ್ವ ಉಳಿಯುವುದಿಲ್ಲ. ಈ ಕುಲದಲ್ಲಿ ಗಂಡಸಿನಿಂದ ಕೆಡುಕಲ್ಲದೆ ಬೇರೇನೂ ಉಪಯೋಗವಿಲ್ಲ.

ಶಿವರಾಮು ಕತ್ತರಿ ಹಿಡಿದು ಹೋದರು. ಗಂಡುಗಿಡ ಹೆಣ್ಣುಗಳಿಗಿಂತ ಬಡಕಲು. ತಲೆ ಬಗ್ಗಿಸಿ, ಯಾರಿಗೂ ಬೇಡವಾಗಿ, ತನ್ನ ತಪ್ಪೇನೆಂದೂ ತಿಳಿಯದೆ ನಿಂತಿತ್ತು. ಕತ್ತರಿ ಜೇಬಿಗೆ ಹೋಯಿತು. ಅದನ್ನು ಕುಂಡಕ್ಕೆ ಬದಲಿಸಿ, ಗ್ಯಾರೇಜಿನ ಕಿಟಕಿಯ ಬಳಿ ಇಟ್ಟರು. ಅಂದಿನಿಂದ ಸಂಜೆಯ ಕಾಫಿ ಗ್ಯಾರೇಜಿನಲ್ಲೇ, ಇಬ್ಬರೂ ಎದುರುಬದುರು. "ನಿನ್ನದೂ ನನ್ನದೂ ಒಂದೇ ಕೇಸು ಕಣಯ್ಯ" ಎಂದರೆ ಗಿಡ ಸುಮ್ಮನಿರುತ್ತಿತ್ತು. ಒಪ್ಪಿಗೆಯೆಂದೇ ಅರ್ಥ.

ಗೌರಿಹಬ್ಬ ಬಂತು. ಹಬ್ಬಕ್ಕೆ ಬನ್ನಿ ಎಂದು ಪ್ಲೆಸೆಂಟನ್‌ನಿಂದ ಕರೆ ಬರಲಿಲ್ಲ. ಕರೆಯದೆ ಹೋಗುವುದು ಹೇಗೆಂದು ಇವರು ಹೋಗಲಿಲ್ಲ. ಮಧ್ಯಾಹ್ನ ಫೋಟೋ ಬಂತು. ರೇಷ್ಮೆ ಸೀರೆಯಲ್ಲಿ ವಸುಧಾ, ಅಳಿಯ ಸುಧನ್ವ, ಮಗಳು, ಮೊಮ್ಮಗ, ಎಲೆಯ ತುಂಬ ಒಬ್ಬಟ್ಟು. ಕೆಳಗೆ, "ಊಟ ಆಯ್ತಾ?"

"ಆಯ್ತು" ಎಂದು ಒತ್ತಿದರು. (ಆಗಿದ್ದದ್ದು ಕಾರ್ನ್‌ಫ್ಲೇಕ್ಸು. ಅದೂ ಹಾಲು ಮುಗಿದಿದ್ದರಿಂದ ಬರೀ.)

ಗ್ಯಾರೇಜಿಗೆ ಹೋದರೆ ಗಂಡುಗಿಡ ಕಿಟಕಿಗೆ ಮುಖವಿಟ್ಟು ಹಿತ್ತಲಿನತ್ತ ವಾಲಿತ್ತು. ಶಿವರಾಮು ಕಾಫಿ ಲೋಟ ಕೆಳಗಿಟ್ಟರು. "ಹಬ್ಬದ ದಿನ ನೀನಾದ್ರೂ ಮನೆಯವರ ಜೊತೆ ಇರಪ್ಪ" ಎಂದು ಕುಂಡವನ್ನು ಎತ್ತಿ ತಂದು ಐದು ಹೆಣ್ಣುಗಳ ನಟ್ಟನಡುವೆ ಇಟ್ಟರು. ಮಧ್ಯಾಹ್ನದ ಗಾಳಿ ಬೀಸಿತು. ಗಂಡುಗಿಡ ಒಮ್ಮೆ ಮೈ ಕೊಡವಿತು. ಅರಿಶಿನ ಎರಚಿದಂತೆ ಹಳದಿ ಪುಡಿ ಎದ್ದು ಐವರ ಮೇಲೂ ಇಳಿಯಿತು. ಗುರುವಿನ ಉಪದೇಶ ನೆನಪಾಯಿತು. ಆದರೆ ಇಷ್ಟು ಮಂಗಳಕರವಾದದ್ದರಿಂದ ಕೆಟ್ಟದ್ದಾದೀತೇ ಎಂದುಕೊಂಡರು.

ಆದೀತು. ಮುಂದಿನ ವಾರಗಳಲ್ಲಿ ಹೂಗೊಂಚಲುಗಳೆಲ್ಲ ಬಸುರಾದವು. ಹಿಚುಕಿದರೆ ಎಣ್ಣೆಯ ಅಂಟಿಲ್ಲ, ಬೀಜ, ಬರೀ ಬೀಜ. ಮಾರ್ಗನ್ ಹಿಲ್ಲಿಂದ ಮೆಕ್ಸಿಕೋವರೆಗೆ ಬಿತ್ತಿದರೂ ಮಿಗುವಷ್ಟು ಬೀಜ. ಶಿವರಾಮು ಹಿತ್ತಲಲ್ಲಿ ಕುಸಿದು ಕುಳಿತಿದ್ದಾಗ ವಿಡಿಯೋ ಕಾಲು ಬಂತು. ಎತ್ತುವಾಗ ಹಿಂದೆ ಏನಿದೆಯೆಂಬ ಪರಿವೆಯಿರಲಿಲ್ಲ.

"ಅಪ್ಪಾ," ಹರಿಪ್ರಿಯಾ ಕಣ್ಣರಳಿಸಿದಳು, "ಈಸ್ ದಟ್ ವೀಡ್?"

"ವೀಡ್ ಅಂದ್ರೆ ಏನೇ, ಕಳೆ ತಾನೆ?" ವಸುಧಾ ದನಿ.

"ಅಮ್ಮಾ, ಗಾಂಜಾ!"

ಮರುದಿನ ಬೆಳಿಗ್ಗೆ ವಸುಧಾ ಕಾರು ಬಾಗಿಲಲ್ಲಿತ್ತು.

"ಕಾಫಿಗೆ ಡಿಕಾಕ್ಷನ್ ಒಂಚೂರು ಸ್ಟ್ರಾಂಗಾದ್ರೆ ಎದೆ ಹೊಡ್ಕೊಳತ್ತೆ ಅನ್ನೋರು ಗಾಂಜಾ ಬೆಳೀತೀರಾ? ಮೇಲೂ ಹಾಕಿದೀರೇನು?" ಎನ್ನುತ್ತಾ ದಡದಡ ಮಹಡಿ ಹತ್ತಿ, ರೂಮು ರೂಮು ಹೊಕ್ಕು, ದಡದಡ ಇಳಿದರು.

ಶಿವರಾಮು ಬಾಯಿ ತೆರೆದು ನಿಂತರು. "ವಸೂ... ಮೆಟ್ಟಿಲು!"

"ಮೆಟ್ಟಿಲಿಗೇನಾಯ್ತು?"

"ನಿನ್ನ ಮಂಡಿ?"

"ಓ, ಅದಾ? ಯುಗಾದಿ ಹೊತ್ತಿಗೇ ಸರಿಹೋಯ್ತು. ಹರಿ ಪೂಲಿಗೆ ಸೇರಿಸಿದ್ಲು. ನೀರಲ್ಲಿ ನಡೀತೀನಿ."

"ಮತ್ತೆ ಫೋನಲ್ಲಿ ಹಂಗೇ ಇದೆ ಅಂತಿದ್ದೆ!"

"ನೀವು ‘ಬಾ’ ಅಂದಿದ್ರೆ ಸರಿಹೋಗಿದೆ ಅಂತಿದ್ದೆ. ದಿನಾ ‘ಅರ್ಜೆಂಟಿಲ್ಲ, ಅರ್ಜೆಂಟಿಲ್ಲ.’ ಇವ್ರು ನಾನಿಲ್ದೆ ಹಾಯಾಗಿದಾರೆ ಅಂದ್ಕೊಂಡೆ. ಹಬ್ಬಕ್ಕೂ ಬರ್ಲಿಲ್ಲ. ಮಗಳ ಮನೆಗೆ ಬರೋಕೆ ಇನ್ವಿಟೇಷನ್ ಬೇಕಾ?"

ಶಿವರಾಮು ಗಿಡಗಳತ್ತ ಕೈ ತೋರಿಸಿದರು. ಎಣ್ಣೆ, ಮಂಡಿ, ಹಸು, ಗಂಡುಗಿಡ, ಎಲ್ಲ ಹೇಳಿದರು. ವಸುಧಾ ಒಂದು ಗೊಂಚಲು ತಿಕ್ಕಿದರು. ಬೀಜ ಬೊಗಸೆ ತುಂಬಿತು.

"ಕಿತ್ತು ಹಾಕಿ ಅಂದ್ರೆ ಹಾಕೋದಲ್ವಾ?"

"ಪಾಪ ಅನ್ನಿಸ್ತು."

"ಯಾರನ್ನ ನೋಡಿ?"

ಶಿವರಾಮು ಬೇಲಿ ನೋಡಿದರು. ಕೊನೆಗೆ ಅವರ ವಂಶದಲ್ಲಿ ಯಾರೂ ಮಾಡದಿದ್ದ ಸಾಹಸಕ್ಕೆ ಕೈ ಹಾಕಿದರು.

"ಮನೆಗೆ ಬಾರೇ."

ವಸುಧಾ ಬೊಗಸೆಯ ಬೀಜವನ್ನು ಕೆಳಗೆ ಸುರಿದರು. ಸೆರಗಿನಿಂದ ಮೂಗೊರೆಸಿಕೊಂಡರು. (ಗಾಂಜಾ ಘಾಟಿಗೂ ಇರಬಹುದು.)

"ಇವತ್ತು ಹೇಳಿದ್ರಾ! ಮೊನ್ನೆ ತಾನೇ ಪೂಲಿಗೆ ವರ್ಷದ ಮೆಂಬರ್‌ಶಿಪ್ ಮಾಡಿಸ್ದೆ. ಕುಶಲ್‌ಗೆ ಡೇಕೇರ್ ಸಿಗೋದು ಜನವರಿಗೆ. ಆಮೇಲೆ ನೋಡೋಣ." ಅಷ್ಟರಲ್ಲಿ ಕೈ ಟಬ್ಬಿನೊಳಗೆ ಇಳಿದಿತ್ತು. "ಇದೇನ್ರೀ ಮಣ್ಣು? ಪುಳಿಯೋಗರೆ ಥರ ಉದುರುದುರಾಗಿದೆ! ಅಲ್ಲಿ ನನ್ನ ಕರಿಬೇವಿನ ಗಿಡ ಸಾಯ್ತಾ ಬಿದ್ದಿದೆ."

ಗಾಂಜಾ ಗಿಡಗಳು ಬುಡಸಮೇತ ಹೊರಬಂದವು. ಇಂತಹ ಗೊಬ್ಬರವನ್ನು ಬಿಟ್ಟುಹೋಗುವುದುಂಟೆ? ಟಬ್ಬುಗಳಿಂದ ಹಿಂದಿನ ಡಿಕ್ಕಿ ತುಂಬಿತು, ಎರೆಹುಳಗಳು ಒಂದು ಡಬ್ಬಿ ಸೇರಿದವು. ಮುಂದಿನ ಸೀಟಿನಲ್ಲಿ ಇನ್ನೊಂದು ಟಬ್ಬನ್ನು ಕೂರಿಸಿ, ವಸುಧಾ ಅದಕ್ಕೆ ಜತನದಿಂದ ಸೀಟ್‌ಬೆಲ್ಟ್ ಹಾಕಿದರು.

"ನಾನು?" ಎಂದರು ಶಿವರಾಮು.

"ನೀವೂ ಹತ್ತಿ. ಹುಳದ ಡಬ್ಬಿ ಹಿಡ್ಕೊಳೋಕೆ ಯಾರಾದ್ರೂ ಬೇಕಲ್ಲ. ನಾಳೆ ಸುಧನ್ವ ವಾಪಸ್ ಬಿಡ್ತಾನೆ."

ಹಿಂದಿನ ಸೀಟಿನಲ್ಲಿ, ಬಿಸ್ಕತ್ತಿನ ಚೂರು ಮೆತ್ತಿದ ಮೊಮ್ಮಗನ ಕಾರ್‌ಸೀಟಿಗೆ ಒತ್ತಿಕೊಂಡು, ತೊಡೆಯ ಮೇಲೆ ಎರೆಹುಳದ ಡಬ್ಬಿ ಅಪ್ಪಿಕೊಂಡು ಶಿವರಾಮು ಕುಳಿತರು. ಫ್ರೀವೇ ಸೇರಿದ ಮೇಲೆ ವಸುಧಾ ಕನ್ನಡಿಯಲ್ಲಿ ಇಣುಕಿ, ಎಷ್ಟೋ ತಿಂಗಳಿಂದ ಅವರು ಕೇಳದಿದ್ದ ಮೃದುವಾದ ದನಿಯಲ್ಲಿ ಕೇಳಿದರು:

"ಹಿಂದೆ ಸೆಖೆ ಆಗ್ತಿದೆಯೇನ್ರೀ? ಏಸಿ ಜಾಸ್ತಿ ಮಾಡ್ಲಾ?"

ಶಿವರಾಮು ಅವರ ಕಣ್ಣು ಒದ್ದೆಯಾಯಿತು. "ಪರವಾಗಿಲ್ಲ ಕಣೇ. ನನಗೇನೂ ಸೆಖೆ ಇಲ್ಲ."

"ನಿಮ್ದು ಯಾರು ಕೇಳಿದ್ರು? ಬಿಸಿಗೆ ಆ ಹುಳ ಸಾಯತ್ತೆ. ಮುಚ್ಚಳ ಒಂಚೂರು ತೆಗೀರಿ."